ಓನರ್ ಆಗುವ ಮುನ್ನ ಆಪರೇಟರ್ ಆಗಿ ನೋಡಿ
ಹಳೇ ಹಿಟಾಚಿ ಕೊಳ್ಳಲು ಹೊರಟಿರುವ ಆಪರೇಟರ್ ತಮ್ಮಂದಿರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ,

ಹೆಲ್ಪರ್ ಆಗಿ ಸೇರಿ, ವರ್ಷಗಟ್ಟಲೆ ಗ್ರೀಸ್ ಗನ್ ಒತ್ತಿ, ಊಟದ ಬಿಡುವಿನಲ್ಲಿ ಸೀಟಿಗೆ ಹತ್ತಿ ಕೈ ಪಳಗಿಸಿಕೊಂಡವರು ನೀವು. ಕುಷ್ಟಗಿ, ಮಾನ್ವಿ, ಇಂಡಿ, ಹಡಗಲಿ ಕಡೆಯ ಹಳ್ಳಿಗಳಿಂದ ಹೊರಟು ಕರಾವಳಿಯ ಹೆದ್ದಾರಿ ಕೆಲಸಕ್ಕೂ, ಮಲೆನಾಡಿನ ತೋಟದ ಅಗಳಿಗೂ, ಬೆಂಗಳೂರಿನ ಬೇಸ್‌ಮೆಂಟ್ ಗುಂಡಿಗೂ ಹೋದವರು. ಹತ್ತು ಹನ್ನೆರಡು ವರ್ಷ ಬೇರೆಯವರ ಮಷಿನ್ ಓಡಿಸಿ, ಒಂದಿಷ್ಟು ದುಡ್ಡು ಕೂಡಿಸಿ, ಉಳಿದದ್ದಕ್ಕೆ ಫೈನಾನ್ಸ್ ಮಾಡಿಸಿ, ‘ನನ್ನದೇ ಒಂದು ಗಾಡಿ’ ಎಂದು ಈಗ ಯಾರ್ಡುಗಳನ್ನು ಸುತ್ತುತ್ತಿದ್ದೀರಿ. ಈ ಪತ್ರ ನಿಮಗೆ.

ಹೊಸಪೇಟೆಯಲ್ಲಿ ಮೂವತ್ತು ವರ್ಷದಿಂದ ಈ ಮಷಿನ್‌ಗಳ ಹೈಡ್ರಾಲಿಕ್ ರಿಪೇರಿ ಮಾಡಿಕೊಂಡು ಬಂದಿದ್ದೇನೆ. ಕಳೆದ ಬೇಸಿಗೆಯಲ್ಲಿ ಕೊಪ್ಪಳ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ. ಹನ್ನೊಂದು ವರ್ಷದ ಆಪರೇಟರ್. ತಾಯಿಯ ಹೆಸರಿನಲ್ಲಿದ್ದ ಎರಡು ಎಕರೆ ಅಡವಿಟ್ಟು ಇಪ್ಪತ್ತು ಟನ್ನಿನ ಹಳೇ ಮಷಿನ್ ತಂದಿದ್ದ. ಮೂರನೇ ತಿಂಗಳಿಗೆ ಬಕೆಟ್ ತುಂಬಿ ಎತ್ತಿದರೆ ಇಂಜಿನ್ ಕುಗ್ಗುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಬೂಮ್ ಏಳುವುದೇ ಕಷ್ಟವಾಗುತ್ತಿತ್ತು. ಹೋಗಿ ನೋಡಿದೆ. ಮೈನ್ ಪಂಪ್ ಸವೆದು ಮುಗಿದಿತ್ತು.

‘ಕೊಳ್ಳೋ ದಿನ ಸೀಟಿನ ಮ್ಯಾಲೆ ಎಷ್ಟು ಹೊತ್ತು ಕುಂತಿದ್ದೀಪಾ?’ ಎಂದು ಕೇಳಿದೆ.

‘ಒಂದ್ ಹದಿನೈದು ನಿಮಿಷ ಅಣ್ಣ. ಬ್ರೋಕರ್ ಅವಸರ ಮಾಡಿದ, ಇನ್ನೊಂದು ಪಾರ್ಟಿ ಬರಾಕತ್ತೈತಿ ಅಂದ.’

‘ಇದೇ ಗಾಡಿ ನಿನ್ನ ಓನರಂದು ಆಗಿದ್ರ, ಮೊದಲ ದಿನಾನೇ ಫೋನ್ ಮಾಡಿ ಪಂಪ್ ವೀಕ್ ಐತಿ ಅಂತಿದ್ದಿಲ್ಲೇನು?’

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಂತಿದ್ದೆ ಅಣ್ಣ’ ಎಂದ.

ನಾನು ನಿಮಗೆ ಹೇಳಬೇಕೆಂದಿರುವುದು ಇದೇ ಮಾತು. ಮಷಿನ್ ಪರೀಕ್ಷೆ ಮಾಡಲು ನಿಮಗಿಂತ ಬಲ್ಲವರು ಬೇರೆ ಇಲ್ಲ. ದಿನಕ್ಕೆ ಹತ್ತು ಗಂಟೆ ಅದರೊಳಗೆ ಕೂತವರು ನೀವು. ಲಿವರ್ ಎಳೆದಾಗ ಆರ್ಮ್ ಅರೆಗಳಿಗೆ ತಡೆದು ಬಂದರೂ ಅಂಗೈಗೆ ತಿಳಿಯುತ್ತದೆ. ಆದರೆ ಕೊಳ್ಳಲು ಹೋದ ದಿನ ಈ ತಿಳಿವಳಿಕೆಯನ್ನು ಯಾರ್ಡಿನ ಗೇಟಿನ ಹೊರಗೆ ಬಿಟ್ಟು ಒಳಗೆ ಹೋಗುತ್ತೀರಿ. ಒಳಗೆ ಹೊಸ ಪೇಂಟು, ಬ್ರೋಕರ್ ಕೊಡಿಸಿದ ಚಹಾ, ಅಡ್ವಾನ್ಸಿನ ಅವಸರ. ‘ನಾನು ಓನರ್ ಆಗುತ್ತಿದ್ದೇನೆ’ ಎನ್ನುವ ಸಂತೋಷದಲ್ಲಿ ಒಳಗಿನ ಆಪರೇಟರ್ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾನೆ. ಆ ಒಂದು ದಿನ ಅವನೇ ಮಾತಾಡಬೇಕು.

ಮೊದಲು ಮಷಿನ್ ಎಲ್ಲಿ ದುಡಿದು ಬಂದಿದೆ ಎಂದು ಕೇಳಿ. ಯಾವ ವರ್ಷದ್ದು ಎನ್ನುವ ಪ್ರಶ್ನೆ ಆಮೇಲೆ. ಟಾಟಾದವರ ಟೆಲ್ಕೋ ಕಂಪನಿ 1984ರಲ್ಲಿ ಹಿಟಾಚಿಯ ಜೊತೆ ಕೈಜೋಡಿಸಿದ ಮೇಲೆ ಈ ಮಷಿನ್‌ಗಳು ನಮ್ಮ ದೇಶದಲ್ಲಿ ಎಷ್ಟು ಹಬ್ಬಿದವೆಂದರೆ, ಕೊಮಾಟ್ಸುವಾಗಲಿ ಹ್ಯುಂಡೈ ಆಗಲಿ, ಚೈನಿನ ಮೇಲೆ ನಡೆದು ಮಣ್ಣು ಅಗೆಯುವುದೆಲ್ಲ ನಮ್ಮ ಬಾಯಲ್ಲಿ ಹಿಟಾಚಿಯೇ ಆಯಿತು. ಧಾರವಾಡದಲ್ಲೇ ಟಾಟಾ ಹಿಟಾಚಿ ಕಾರ್ಖಾನೆ ಇರುವುದರಿಂದ ನಮ್ಮ ಕಡೆ ಇಎಕ್ಸ್ 70, ಇಎಕ್ಸ್ 110, ಇಎಕ್ಸ್ 200 ಕಾಣದ ಊರಿಲ್ಲ. ಒಂದೇ ಮಾಡೆಲ್, ಒಂದೇ ವರ್ಷದ ಎರಡು ಮಷಿನ್ ಅಕ್ಕಪಕ್ಕ ನಿಂತಿದ್ದರೂ ಅವುಗಳ ಆಯಸ್ಸು ಒಂದೇ ಇರುವುದಿಲ್ಲ. ಎರೆಮಣ್ಣಿನಲ್ಲಿ ಕೃಷಿಹೊಂಡ, ಬದು, ಕಾಲುವೆ ತೆಗೆದ ಮಷಿನ್ನಿಗೆ ಐದು ವರ್ಷ ಎಂದರೆ ಇನ್ನೂ ಪ್ರಾಯ. ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ಬಂಡೆ ಹೊರಳಿಸಿದ ಮಷಿನ್ನಿಗೆ ಅದೇ ಐದು ವರ್ಷ ಮುಪ್ಪು.

ನಮ್ಮ ಬಳ್ಳಾರಿ, ಸಂಡೂರು, ಹೊಸಪೇಟೆಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಗಣಿಯಲ್ಲಿದ್ದ ಮಷಿನ್‌ಗಳು ರಸ್ತೆ ಬದಿಯ ಯಾರ್ಡುಗಳಲ್ಲಿ ಸಾಲುಗಟ್ಟಿ ನಿಂತವು. ಕೆಲಸವಿಲ್ಲ, ಕಂತು ಕಟ್ಟಬೇಕು. ಸಿಕ್ಕ ಬೆಲೆಗೆ ಮಾರಿದರು. ಹಗಲೂ ರಾತ್ರಿ ಎರಡು ಶಿಫ್ಟಿನಲ್ಲಿ ಅದಿರು ತುಂಬಿದ ಮಷಿನ್‌ಗಳು ಬಣ್ಣ ಬಳಿಸಿಕೊಂಡು ‘ಹೊಲದ ಕೆಲಸ ಮಾಡಿದ್ದು’ ಎಂಬ ಹೆಸರಿನಲ್ಲಿ ಹೋದದ್ದನ್ನು ನಾನು ನೋಡಿದ್ದೇನೆ. ಕೆಂಪು ಧೂಳನ್ನು ತೊಳೆದು ಮುಗಿಸುವುದು ಸುಲಭವಲ್ಲ. ಕ್ಯಾಬಿನ್ನಿನ ಮ್ಯಾಟ್ ಎತ್ತಿ ನೋಡಿ, ಬ್ಯಾಟರಿ ಪೆಟ್ಟಿಗೆಯ ಮೂಲೆಗೆ ಬೆರಳಾಡಿಸಿ, ಏರ್ ಕ್ಲೀನರ್ ಕವಚದ ಒಳಬದಿ ಒರೆಸಿ ನೋಡಿ. ಅದಿರಿನ ಧೂಳು ಅಲ್ಲಿ ಕೂತೇ ಇರುತ್ತದೆ. ಹೊಳೆಯಲ್ಲಿ ಮರಳು ಎತ್ತಿದ ಮಷಿನ್ನಾದರೆ ಬಾಡಿಯ ಕೆಳಗಿನ ಮೂಲೆಗಳಲ್ಲಿ, ಚೈನಿನ ಫ್ರೇಮಿನೊಳಗೆ ಮರಳು ಸಿಗುತ್ತದೆ. ಕರಾವಳಿಯ ಅಳಿವೆಯಲ್ಲಿ ದುಡಿದದ್ದಾದರೆ ವೈರಿಂಗ್ ಕನೆಕ್ಟರ್ ಬಿಚ್ಚಿ ನೋಡಿ, ಪಿನ್ನುಗಳು ಹಸಿರುಗಟ್ಟಿರುತ್ತವೆ.

ಬಂಡೆ ಒಡೆಯುವ ಬ್ರೇಕರ್ ಹೊಡೆದ ಮಷಿನ್ನೋ ಅಲ್ಲವೋ ಎಂದು ತಿಳಿಯುವುದು ಇನ್ನೂ ಮುಖ್ಯ. ಬ್ರೇಕರ್ ಬಿಚ್ಚಿಟ್ಟು ಬಕೆಟ್ ಹಾಕಿ ಮಾರಿದರೂ ಬೂಮಿನ ಪಕ್ಕಕ್ಕೆ ಅದರ ಪೈಪಿನ ಕ್ಲಾಂಪುಗಳು, ಅವನ್ನು ಕತ್ತರಿಸಿ ಉಜ್ಜಿದ ಗುರುತು, ಕಂಟ್ರೋಲ್ ವಾಲ್ವಿನ ಹತ್ತಿರ ಪ್ಲಗ್ ಹೊಡೆದ ಲೈನು, ಕ್ಯಾಬಿನ್ನಿನಲ್ಲಿ ಒಂದು ಪೆಡಲ್ಲಿನ ಜಾಗ, ಏನಾದರೊಂದು ಉಳಿದಿರುತ್ತದೆ. ಬ್ರೇಕರಿನ ಏಟು ಬಂಡೆಗೆ ಮಾತ್ರ ಬೀಳುವುದಿಲ್ಲ. ಆರ್ಮ್, ಬೂಮ್, ಪಿನ್ನು, ಬುಷ್, ಸ್ವಿಂಗ್ ಬೇರಿಂಗ್ ತನಕ ಹೋಗುತ್ತದೆ, ಆಯಿಲ್ ಕಾಯಿಸುತ್ತದೆ, ಸೀಲ್ ತಿನ್ನುತ್ತದೆ. ಬ್ರೇಕರ್ ಹೊಡೆದ ಮಷಿನ್ ಕೊಳ್ಳಲೇಬಾರದು ಎನ್ನುತ್ತಿಲ್ಲ. ತಿಳಿದು ಕೊಳ್ಳಿ, ಅದರ ಬೆಲೆಗೆ ಕೊಳ್ಳಿ.

ಇನ್ನು ಹೋಗುವ ಹೊತ್ತು. ಬೆಳಿಗ್ಗೆ ಹೋಗಿ, ಹೇಳಿದ ಸಮಯಕ್ಕಿಂತ ಒಂದು ಗಂಟೆ ಮೊದಲೇ ಹೋಗಿ. ಒಮ್ಮೆ ಪರಿಚಯದ ಹುಡುಗನೊಬ್ಬನಿಗಾಗಿ ಊರಾಚೆಯ ಯಾರ್ಡಿಗೆ ಏಳು ಗಂಟೆಗೇ ಹೋಗಿದ್ದೆ. ನಮ್ಮನ್ನು ಕರೆದದ್ದು ಎಂಟೂವರೆಗೆ. ಚಳಿಗಾಲ, ಮಷಿನ್ನಿನ ಬಾನೆಟ್ ಮೇಲೆ ಇಬ್ಬನಿ ಹನಿಗಟ್ಟಿತ್ತು. ಒಂದು ಕಡೆ ಮಾತ್ರ, ಇಂಜಿನ್ನಿನ ನೇರ ಮೇಲೆ, ತಗಡು ಒಣಗಿತ್ತು. ಬಾನೆಟ್ ಎತ್ತಿ ವಾಲ್ವ್ ಕವರಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಈಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯ ಹಾಗೆ. ಬೆಳಗಿನ ಜಾವವೇ ಯಾರೋ ಸ್ಟಾರ್ಟ್ ಮಾಡಿ ಕಾಯಿಸಿ ನಿಲ್ಲಿಸಿದ್ದರು. ‘ಬರ್ರಿ ಅಣ್ಣಾರ, ಒಂದೇ ಸೆಲ್ಫಿಗೆ ಹತ್ತತೈತಿ ನೋಡ್ರಿ’ ಎಂದ ಯಾರ್ಡಿನವನು. ಹತ್ತಿತು ಕೂಡ. ಅದೇ ಮಷಿನ್ನಿಗೆ ಮರುದಿನ ಹೇಳದೆ ಕೇಳದೆ ಹೋದೆವು. ತಣ್ಣಗಿದ್ದ ಇಂಜಿನ್ ಆರು ಸಲ ಸೆಲ್ಫ್ ಹೊಡೆದರೂ ಏಳಲಿಲ್ಲ. ಎದ್ದಾಗ ಯಾರ್ಡ್ ತುಂಬ ಬಿಳಿ ಹೊಗೆ.

ಸ್ಟಾರ್ಟ್ ಆದ ಮೇಲೆ ಹೊಗೆಯನ್ನು ನಿಂತು ನೋಡಿ. ತಣ್ಣಗಿದ್ದಾಗ ಒಂದೆರಡು ನಿಮಿಷ ಬಿಳಿ ಹೊಗೆ ಬಂದು ನಿಂತರೆ ಹೆದರಬೇಕಿಲ್ಲ. ಕಾದ ಮೇಲೂ ನೀಲಿ ಹೊಗೆ ಬರುತ್ತಿದ್ದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಲೋಡ್ ಕೊಟ್ಟಾಗ ಕಪ್ಪು ಹೊಗೆ ಉಗುಳುತ್ತಿದ್ದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ನಾಜಲ್, ಟರ್ಬೋ ಕೆಟ್ಟಿದೆ. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಬೋರಲು ಇಟ್ಟು ನೋಡಿ. ಅದು ಕುಣಿದು ಕೆಳಗೆ ಬಿದ್ದರೆ, ಬಾಯಿಂದ ದಮ್ಮು ಬಿಟ್ಟ ಹಾಗೆ ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್ ಇದೆ. ಎಂದರೆ ರಿಂಗು, ಲೈನರ್ ಸವೆದಿವೆ, ಇಂಜಿನ್ ಬಿಚ್ಚುವ ಕೆಲಸ ಬರಲಿದೆ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ತಣ್ಣಗಿದ್ದಾಗಲೇ ಬಿಚ್ಚಿ. ನೀರಿನ ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ, ಇಲ್ಲವೇ ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ಅಲ್ಲಿಂದಲೇ ವಾಪಸು ಬನ್ನಿ. ಇಷ್ಟಾದರೂ ಒಂದು ಮಾತು: ಇಂಜಿನ್ನಿಗೆ ಮೆಕ್ಯಾನಿಕ್ ಸಿಗುತ್ತಾನೆ, ಪಾರ್ಟ್ ಸಿಗುತ್ತದೆ. ಹಳೇ ಇಎಕ್ಸ್ 200ರಲ್ಲಿ ಬರುತ್ತಿದ್ದ ಆರು ಸಿಲಿಂಡರಿನ 5.9 ಲೀಟರ್ ಕಮಿನ್ಸ್ ಇಂಜಿನ್ನನ್ನು ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ಕೂ ಬಿಚ್ಚಿ ಜೋಡಿಸುತ್ತಾನೆ. ನಮ್ಮ ಹುಡುಗರು ಮುಳುಗುವುದು ಹೆಚ್ಚಾಗಿ ಬೇರೆ ಎರಡು ಕಡೆ: ಕಾಲಿನಲ್ಲಿ ಮತ್ತು ಹೈಡ್ರಾಲಿಕ್ಕಿನಲ್ಲಿ.

ಅವಕ್ಕೆ ಹೋಗುವ ಮೊದಲು ಅವರ್ ಮೀಟರ್ ವಿಷಯ ಬೇಗ ಮುಗಿಸುತ್ತೇನೆ. ದಿನಕ್ಕೆ ಹತ್ತು ಗಂಟೆಯಂತೆ ವರ್ಷಕ್ಕೆ 250 ದಿನ ಬಾಡಿಗೆಗೆ ಓಡಿದರೆ 2500 ಗಂಟೆ. ಎಂಟು ವರ್ಷದ ಬಾಡಿಗೆ ಮಷಿನ್ನಿನ ಮೀಟರ್ 6000 ತೋರಿಸಿದರೆ ಉಳಿದ ಗಂಟೆಗಳು ಎಲ್ಲಿ ಹೋದವು ಎಂದು ಕೇಳಿ. ಮೀಟರ್ ಬದಲಿಸಬಹುದು, ಸೀಟಿನ ಕುಶನ್ ಬದಲಿಸಬಹುದು. ಟ್ರಾವೆಲ್ ಪೆಡಲ್ಲಿನ ರಬ್ಬರ್, ಲಿವರಿನ ಗುಬುಟು, ಕ್ಯಾಬಿನ್ ಹತ್ತುವ ಹಿಡಿಕೆಯ ನುಣುಪು, ಇವನ್ನೆಲ್ಲ ಬದಲಿಸುವವರು ಕಡಿಮೆ. ಈಚಿನ ಮಷಿನ್ನಾದರೆ ಇನ್ನೊಂದು ದಾರಿ ಇದೆ. ಕೊಮಾಟ್ಸುವಿನ ಕೊಮ್‌ಟ್ರ್ಯಾಕ್ಸ್, ಟಾಟಾ ಹಿಟಾಚಿಯ ಇನ್‌ಸೈಟ್, ಜೆಸಿಬಿಯ ಲೈವ್‌ಲಿಂಕ್ ಇಂಥವು ಎಷ್ಟು ಗಂಟೆ ಓಡಿತು, ಎಲ್ಲಿ ಓಡಿತು ಎಂದು ಕಂಪನಿಗೆ ಕಳಿಸುತ್ತಿರುತ್ತವೆ. ಮಾರುವವರ ಒಪ್ಪಿಗೆ ಪಡೆದು, ಮಷಿನ್ ನಂಬರ್ ಹಿಡಿದು ಡೀಲರ್ ಸರ್ವಿಸ್ ಆಫೀಸಿಗೆ ಹೋಗಿ ಕೇಳಿ. ಒಪ್ಪಿಗೆ ಕೊಡಲು ಹಿಂಜರಿದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಈಗ ಕಾಲಿಗೆ ಬನ್ನಿ. ಚೈನ್, ರೋಲರ್, ಐಡ್ಲರ್, ಸ್ಪ್ರಾಕೆಟ್ ಎಲ್ಲ ಒಟ್ಟಿಗೆ ಹೋದರೆ ಖರ್ಚು ಹಲವು ಲಕ್ಷಕ್ಕೆ ಏರುತ್ತದೆ. ಸ್ಪ್ರಾಕೆಟ್ ಹಲ್ಲು ನೋಡಿ: ಹೊಸದರಲ್ಲಿ ತುದಿ ಮೊಂಡಾಗಿ ಅಗಲವಾಗಿರುತ್ತದೆ, ಸವೆದದ್ದು ಚೂಪಾಗಿ ಒಂದು ಕಡೆಗೆ ಬಾಗಿ ಕೊಕ್ಕೆಯಾಗುತ್ತದೆ. ರೋಲರ್‌ಗಳ ಪಕ್ಕದಲ್ಲಿ ಎಣ್ಣೆ ಒಸರಿ ಧೂಳು ಹಿಡಿದ ಕಪ್ಪು ವರ್ತುಲ ಕಂಡರೆ ಅದರ ಸೀಲ್ ಹೋಗಿದೆ, ಇನ್ನು ಅದು ಹೆಚ್ಚು ದಿನ ತಿರುಗುವುದಿಲ್ಲ. ಮೇಲಿನ ಕ್ಯಾರಿಯರ್ ರೋಲರ್ ಒಂದು ಬದಿ ಚಪ್ಪಟೆಯಾಗಿದ್ದರೆ ಅದು ಜಾಮಾಗಿ ನಿಂತು, ಚೈನ್ ಅದರ ಮೇಲೆ ಉಜ್ಜಿಕೊಂಡು ಹೋಗಿದೆ.

ಚೈನನ್ನು ಕಣ್ಣಳತೆಯಲ್ಲಿ ಬಿಡಬೇಡಿ, ಟೇಪ್ ಒಯ್ಯಿರಿ. ಇಪ್ಪತ್ತು ಟನ್ನಿನ ಮಷಿನ್ನಿನ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಹೊಸತರಲ್ಲಿ 190 ಮಿಲಿಮೀಟರ್. ಮಷಿನ್ ಮುಂದಕ್ಕೆ ನಡೆಸಿ, ಹಿಂದೆ ಸ್ಪ್ರಾಕೆಟ್ ಹಲ್ಲಿಗೆ ಒಂದು ಮರದ ತುಂಡು ಸಿಕ್ಕಿಸಿ, ಸ್ವಲ್ಪ ಹಿಂದಕ್ಕೆ ಎಳೆದು ಮೇಲಿನ ಚೈನನ್ನು ಬಿಗಿ ಮಾಡಿ. ಆಮೇಲೆ ನಾಲ್ಕು ಲಿಂಕ್ ಸೇರಿಸಿ ಅಳೆಯಿರಿ. 760 ಇರಬೇಕಾದದ್ದು 770 ದಾಟುತ್ತಿದ್ದರೆ ಒಂದೊಂದು ಲಿಂಕಿಗೆ ಎರಡೂವರೆ ಮಿಲಿಮೀಟರಿಗಿಂತ ಹೆಚ್ಚು ಹಿಗ್ಗಿದೆ, ಪಿನ್ನು ಬುಷ್ ಒಳಗಡೆ ಸವೆದಿವೆ ಎಂದು ಅರ್ಥ. ಎರಡೂ ಬದಿ ಅಳೆಯಿರಿ. ಒಂದು ಸವೆದು ಇನ್ನೊಂದು ಹೊಸದಿದ್ದರೆ ಯಾಕೆ ಎಂದು ಕೇಳಿ. ಚೈನ್ ಬಿಗಿ ಮಾಡುವ ಗ್ರೀಸ್ ಸಿಲಿಂಡರ್ ಪೂರ್ತಿ ಹೊರಗೆ ಬಂದಿದೆಯೋ ಎಂದೂ ನೋಡಿ. ಮಾರುವ ಮುನ್ನ ಜೋಲುವ ಚೈನಿನಲ್ಲಿ ಒಂದು ಲಿಂಕ್ ತೆಗೆದು ಬಿಗಿ ಮಾಡಿ ಕೊಡುವವರಿದ್ದಾರೆ. ಸಂಶಯ ಬಂದರೆ ಎರಡೂ ಬದಿಯ ಶೂ ಪ್ಲೇಟ್ ಎಣಿಸಿ. ಹತ್ತು ನಿಮಿಷದ ಕೆಲಸ.

ಪೇಂಟಿನ ಮಾತು. ಬಣ್ಣ ಬಳಿಯುವುದು ತಪ್ಪಲ್ಲ, ಮದುವೆ ಮನೆಗೂ ಸುಣ್ಣ ಹೊಡೆಸುತ್ತೇವೆ. ಆದರೆ ಗ್ರೀಸ್ ನಿಪ್ಪಲ್ ಮೇಲೆ, ಹೋಸ್ ಪೈಪಿನ ರಬ್ಬರ್ ಮೇಲೆ ಹಳದಿ ಬಣ್ಣ ಹಾರಿದ್ದರೆ ಅವಸರದಲ್ಲಿ ಬಳಿದದ್ದು. ಬೂಮ್ ಮತ್ತು ಆರ್ಮಿನ ವೆಲ್ಡಿಂಗ್ ಗೆರೆಗಳ ಉದ್ದಕ್ಕೂ ಉಗುರು ಎಳೆದುಕೊಂಡು ಹೋಗಿ. ಸಿಲಿಂಡರ್ ಪಿನ್ ಕೂರುವ ಕಿವಿಗಳ ಬುಡದಲ್ಲಿ, ಬೂಮಿನ ಹೊಟ್ಟೆಯ ಬಾಗಿನಲ್ಲಿ ಬಿರುಕು ಹುಟ್ಟುತ್ತದೆ. ಕಂಪನಿಯ ವೆಲ್ಡಿಂಗ್ ಒಂದೇ ಸಮನೆ ಅಲೆಅಲೆಯಾಗಿರುತ್ತದೆ. ಊರಿನ ವೆಲ್ಡಿಂಗ್ ಗಂಟುಗಂಟು. ಮೇಲೆ ಪಟ್ಟಿ ಕೂರಿಸಿದ್ದರೆ ಅದರ ಕೆಳಗೆ ಏನಾಗಿತ್ತೆಂದು ಕೇಳಲೇಬೇಕು. ಬಕೆಟ್ ನೆಲಕ್ಕೆ ಊರಿ, ಗೆಳೆಯನೊಬ್ಬ ಮೆಲ್ಲಗೆ ಬೂಮನ್ನು ಎತ್ತಿ ಇಳಿಸಿ ಮಾಡುತ್ತಿರಲಿ. ನೀವು ದೂರದಲ್ಲಿ ನಿಂತು ಒಂದೊಂದೇ ಪಿನ್ನನ್ನು ನೋಡಿ. ಬಕೆಟ್ ಪಿನ್ನಿನಲ್ಲಿ ಅಷ್ಟಿಷ್ಟು ಆಟ ಇದ್ದದ್ದೇ. ಬೂಮಿನ ಬುಡದ ಪಿನ್ನಿನಲ್ಲಿ ಆಟ ಕಂಡರೆ ಖರ್ಚು ದೊಡ್ಡದು.

ಆಮೇಲೆ ಸೀಟು. ಇಲ್ಲಿ ಕಡಿಮೆಯೆಂದರೂ ಎರಡು ಗಂಟೆ ಬೇಡಿ. ಡೀಸೆಲ್ ನಾನೇ ಹಾಕಿಸುತ್ತೇನೆ ಎನ್ನಿ. ಹೈಡ್ರಾಲಿಕ್ ಆಯಿಲ್ ತಣ್ಣಗಿದ್ದಾಗ ಮಂದವಾಗಿರುತ್ತದೆ, ಸವೆದ ಪಂಪಿನಲ್ಲೂ ಅಷ್ಟಾಗಿ ಸೋರುವುದಿಲ್ಲ, ಮಷಿನ್ ಗಟ್ಟಿಯಾಗಿ ಕಾಣುತ್ತದೆ. ಕಾದು ತೆಳ್ಳಗಾದ ಮೇಲೆ ನಿಜ ಹೊರಬೀಳುತ್ತದೆ. ಕಂಪನಿಯ ಪರೀಕ್ಷೆಗಳು ಆಯಿಲ್ 50 ಡಿಗ್ರಿಯ ಆಸುಪಾಸಿಗೆ ಬಂದ ಮೇಲೆಯೇ ನಡೆಯುತ್ತವೆ. ಕೊಪ್ಪಳದ ಹುಡುಗ ಹದಿನೈದು ನಿಮಿಷಕ್ಕೆ ಇಳಿದುಬಿಟ್ಟದ್ದೇ ಅವನಿಗೆ ಮುಳುವಾದದ್ದು. ಒಂದು ಗಂಟೆ ಮಣ್ಣು ಅಗೆಯಿರಿ, ತುಂಬಿಸಿ, ಸುರಿಯಿರಿ, ಗಾಡಿ ಬೆವರಲಿ. ಆಮೇಲೆ ಮೊಬೈಲಿನ ಸ್ಟಾಪ್‌ವಾಚ್ ತೆಗೆಯಿರಿ.

ಬಕೆಟ್ ಖಾಲಿ ಇಟ್ಟು ಪೂರ್ತಿ ರೇಸಿನಲ್ಲಿ ಮೂರು ಸುತ್ತು ಸ್ವಿಂಗ್ ಮಾಡಿ. ಇಪ್ಪತ್ತು ಟನ್ನಿನ ಮಷಿನ್ನಿಗೆ ಹದಿನೈದು ಸೆಕೆಂಡಿನ ಆಸುಪಾಸು ಆಗಬೇಕು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಬಕೆಟ್ ನೆಲಕ್ಕೆ ಒತ್ತಿ ಒಂದು ಬದಿಯ ಚೈನ್ ಮೇಲೆತ್ತಿ ಮೂರು ಸುತ್ತು ತಿರುಗಿಸಿ ಸಮಯ ಬರೆದುಕೊಳ್ಳಿ, ಮತ್ತೊಂದು ಬದಿಗೂ ಹಾಗೇ ಮಾಡಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಸಮತಟ್ಟು ಜಾಗದಲ್ಲಿ ಇಪ್ಪತ್ತು ಮೀಟರ್ ನೇರ ನಡೆಸಿ. ಒಂದು ಗೇಣಿಗಿಂತ ಹೆಚ್ಚು ಪಕ್ಕಕ್ಕೆ ಎಳೆದರೆ ಸುಮ್ಮನೆ ಬಿಡುವಂತಿಲ್ಲ.

ಯಾವುದು ನಿಧಾನ ಎನ್ನುವುದರಲ್ಲೇ ರೋಗ ಎಲ್ಲಿದೆ ಎಂಬ ಸುಳಿವಿದೆ. ಇಎಕ್ಸ್ 200ರಂಥ ಮಷಿನ್‌ನಲ್ಲಿ ಜೋಡಿ ಪಂಪು. ಒಂದು ಬಲಗಡೆಯ ಟ್ರಾವೆಲ್, ಬಕೆಟ್, ಬೂಮ್ ನೋಡಿಕೊಳ್ಳುತ್ತದೆ. ಇನ್ನೊಂದು ಎಡಗಡೆಯ ಟ್ರಾವೆಲ್, ಸ್ವಿಂಗ್, ಆರ್ಮ್. ಬೂಮಿಗೂ ಆರ್ಮಿಗೂ ಆಚೆ ಬದಿಯ ಪಂಪೂ ಕೈ ಸೇರಿಸುತ್ತದೆ. ಬಕೆಟ್ ಒಂದೇ ನಿಧಾನವಾದರೆ ದೋಷ ಆ ಸಿಲಿಂಡರಿನಲ್ಲೋ ವಾಲ್ವಿನಲ್ಲೋ ಇದೆ, ಸುಧಾರಿಸಬಹುದು. ಎಡ ಟ್ರಾವೆಲ್, ಸ್ವಿಂಗ್, ಆರ್ಮ್ ಮೂರೂ ಸೋತರೆ ಆ ಬದಿಯ ಪಂಪಿನ ಮೇಲೆ ಸಂಶಯ. ಬೆಳಿಗ್ಗೆ ಎಲ್ಲ ಸರಿಯಿದ್ದು, ಕಾದ ಮೇಲೆ ಎಲ್ಲವೂ ಒಟ್ಟಿಗೆ ಸೋತರೆ ಎರಡೂ ಪಂಪು ನೋಡಬೇಕು. ಬೇರೆ ಕಂಪನಿಯ ಮಷಿನ್ನುಗಳಲ್ಲಿ ಹಂಚಿಕೆ ಬೇರೆ ಇರುತ್ತದೆ, ಆ ಮಾಡೆಲ್ ಓಡಿಸಿದ ಗೆಳೆಯನನ್ನು ಕೇಳಿಕೊಂಡು ಹೋಗಿ.

ಆಮೇಲೆ ಬಕೆಟ್ ತುಂಬ ಮಣ್ಣು ತುಂಬಿ, ಆರ್ಮ್ ಮುಂದಕ್ಕೆ ಚಾಚಿ, ಎದೆಮಟ್ಟಕ್ಕೆ ಎತ್ತಿ ಇಂಜಿನ್ ಬಂದ್ ಮಾಡಿ. ಬಕೆಟ್ಟಿನ ಪಕ್ಕದಲ್ಲಿ ಒಂದು ಕೋಲು ನೆಟ್ಟು ಗುರುತು ಮಾಡಿ. ಐದು ನಿಮಿಷ ಯಾರೂ ಹತ್ತಿರ ಹೋಗಬೇಡಿ. ಅಷ್ಟರಲ್ಲಿ ಗೇಣಿಗಿಂತ ಹೆಚ್ಚು ಇಳಿದಿದ್ದರೆ ಸಿಲಿಂಡರ್ ಸೀಲೋ ವಾಲ್ವೋ ಸೋರುತ್ತಿದೆ. ಸಿಲಿಂಡರ್ ರಾಡಿನ ಮೇಲೆ ಬೆರಳಾಡಿಸಿ, ಕ್ರೋಮ್ ಕಿತ್ತ ಚುಕ್ಕೆ, ಉದ್ದ ಗೀರು ತಾಗಿದರೆ ಹೊಸ ಸೀಲ್ ಹಾಕಿದರೂ ಬಾಳುವುದಿಲ್ಲ.

ಇಷ್ಟೆಲ್ಲ ನೋಡಿಯೂ ನಾನು ಬಿಡದ ಒಂದು ಕೆಲಸವಿದೆ. ಹೈಡ್ರಾಲಿಕ್ ಟ್ಯಾಂಕಿನ ರಿಟರ್ನ್ ಫಿಲ್ಟರ್ ತೆಗೆದು ಕತ್ತರಿಸಿ ನೋಡುತ್ತೇನೆ. ಹೊಸ ಫಿಲ್ಟರ್ ನಾನೇ ಒಯ್ದಿರುತ್ತೇನೆ, ಮಾರುವವರಿಗೆ ನಷ್ಟವಿಲ್ಲ. ಕೊಪ್ಪಳದ ಹುಡುಗನ ಮಷಿನ್ನಿನಲ್ಲೂ ಹಾಗೇ ಮಾಡಿದೆ. ಟ್ಯಾಂಕಿನ ಒತ್ತಡ ಬಿಟ್ಟು, ಮುಚ್ಚಳ ತೆಗೆದು, ಫಿಲ್ಟರ್ ಹೊರಗೆಳೆದು, ಹ್ಯಾಕ್ಸಾ ಬ್ಲೇಡಿನಿಂದ ಅದರ ತಗಡು ಕೊಯ್ದು, ಒಳಗಿನ ಮಡಿಕೆ ಕಾಗದವನ್ನು ಒಂದು ಸ್ಟೀಲ್ ತಟ್ಟೆಯಲ್ಲಿ ಬಿಡಿಸಿದೆ. ಎಣ್ಣೆ ಬಸಿದು ಹೋಗುತ್ತಿದ್ದಂತೆ ಒಂದೊಂದು ಮಡಿಕೆಯಲ್ಲೂ ಬಂಗಾರದ ಬಣ್ಣದ ಸಣ್ಣ ಪುಡಿ ಬಿಸಿಲಿಗೆ ಮಿನುಗಿತು. ಆಯಸ್ಕಾಂತ ಹಿಡಿದರೆ ಅಂಟಲಿಲ್ಲ. ಪಂಪಿನೊಳಗಿನ ಪಿಸ್ಟನ್ ಶೂಗಳ ಕಂಚು ಅದು, ಕಣಕಣವಾಗಿ ಸವೆದು ಅಲ್ಲಿಗೆ ಬಂದು ಸೇರಿತ್ತು. ಹುಡುಗನ ತಾಯಿಯೂ ಪಕ್ಕದಲ್ಲಿ ನಿಂತಿದ್ದರು. ‘ಇದೇನಪ್ಪ ಹಿಂಗ ಹೊಳೀತೈತಿ’ ಎಂದು ಕೇಳಿದರು. ಏನು ಹೇಳಲಿ? ಅವರ ಎರಡು ಎಕರೆ ಆ ತಟ್ಟೆಯಲ್ಲಿತ್ತು. ಈ ತಟ್ಟೆಯನ್ನು ಕೊಳ್ಳುವ ಮೊದಲು ನೋಡಬೇಕಾಗಿತ್ತು, ಅರ್ಧ ಗಂಟೆಯ ಕೆಲಸ, ಒಂದು ಫಿಲ್ಟರಿನ ಖರ್ಚು.

ನನ್ನದೇ ಒಂದು ತಪ್ಪನ್ನೂ ಹೇಳಬೇಕು, ಅದು ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. ಹದಿನಾರು ವರ್ಷದ ಹಿಂದೆ ಒಬ್ಬ ಗೆಳೆಯನಿಗೆ ‘ಗಾಡಿ ಚೆನ್ನಾಗಿದೆ, ತಗೊ’ ಎಂದಿದ್ದೆ. ಪಂಪು, ಇಂಜಿನ್, ಚೈನು ಎಲ್ಲ ನೋಡಿದ್ದೆ. ಸಂಜೆಯಾಗಿತ್ತು, ಸ್ವಿಂಗ್ ಬೇರಿಂಗ್ ಒಂದನ್ನು ನೋಡದೆ ಬಿಟ್ಟೆ. ಮೇಲಿನ ಇಡೀ ಮನೆಯನ್ನು ಹೊತ್ತು ತಿರುಗುವ ಬಳೆ ಅದು. ಆರು ತಿಂಗಳಿಗೆ ಕಟಕಟ ಸದ್ದು ಬಂತು, ಬೇರಿಂಗ್ ಬದಲಿಸಲು ಇಡೀ ಮೇಲ್ಭಾಗವನ್ನು ಕ್ರೇನಿನಲ್ಲಿ ಎತ್ತಬೇಕಾಯಿತು. ಅವನು ನನಗೆ ಒಂದು ಮಾತೂ ಅನ್ನಲಿಲ್ಲ, ಅದೇ ಹೆಚ್ಚು ನೋವು. ಅದನ್ನು ನೋಡುವುದು ಕಷ್ಟವೇ ಅಲ್ಲ. ಬಕೆಟ್ ನೆಲಕ್ಕೆ ಒತ್ತಿ ಮಷಿನ್ನಿನ ಮುಂಭಾಗ ಸ್ವಲ್ಪ ಮೇಲೇಳುವಂತೆ ಮಾಡಿ, ಮತ್ತೆ ಇಳಿಸಿ. ಜೊತೆಯವನು ಸುರಕ್ಷಿತ ದೂರದಲ್ಲಿ, ಬೇರಿಂಗಿನ ಮಟ್ಟಕ್ಕೆ ಕಣ್ಣಿಟ್ಟು ಕೂತು, ಮೇಲಿನ ಬಳೆಗೂ ಕೆಳಗಿನ ಬಳೆಗೂ ನಡುವಿನ ಸಂದು ತೆರೆದು ಮುಚ್ಚುತ್ತದೆಯೋ ನೋಡಲಿ. ಸಂದು ಬಾಯಿ ಬಿಡುವುದು ಬರಿಗಣ್ಣಿಗೇ ಕಂಡರೆ ಬೇರಿಂಗ್ ಮುಗಿದಿದೆ. ಮಷಿನ್ ಬಂದ್ ಮಾಡಿದ ಮೇಲೆ ಅಲ್ಲಿಂದ ಬರುವ ಗ್ರೀಸನ್ನು ಬೆರಳಲ್ಲಿ ಉಜ್ಜಿ, ಮರಳಿನಂತೆ ಕೈಗೆ ಸಿಕ್ಕರೆ ಅದೂ ಸವೆತವೇ.

ಎಲ್ಲ ಮುಗಿದ ಮೇಲೆ ಎರಡೂ ಕಡೆಯ ಟ್ರಾವೆಲ್ ಮೋಟರಿನ ಮುಚ್ಚಳದ ಹತ್ತಿರ ಕೈ ಒಯ್ಯಿರಿ. ಎರಡೂ ಸಮನಾಗಿ ಬಿಸಿ ಇರಬೇಕು. ಒಂದು ಸುಡುತ್ತಿದ್ದು ಇನ್ನೊಂದು ಬೆಚ್ಚಗಿದ್ದರೆ ಬಿಸಿ ಇರುವುದರ ಗೇರ್ ಆಯಿಲ್ ಬಿಚ್ಚಿಸಿ ನೋಡಿ.

ಕಾಗದದ ವಿಷಯಕ್ಕೆ ನಮ್ಮ ಹುಡುಗರು ಅಸಡ್ಡೆ ಮಾಡುತ್ತಾರೆ. ಟೈರಿನ ಜೆಸಿಬಿಗೆ ಆರ್‌ಟಿಒ ನಂಬರು, ಆರ್‌ಸಿ ಇರುತ್ತವೆ, ಹೆಸರು ವರ್ಗ ಮಾಡಿಸುತ್ತೇವೆ. ಚೈನಿನ ಹಿಟಾಚಿಗೆ ಸಾಮಾನ್ಯವಾಗಿ ನಂಬರ್ ಪ್ಲೇಟೂ ಇಲ್ಲ, ಆರ್‌ಸಿಯೂ ಇಲ್ಲ. ಇದರ ಒಡೆತನಕ್ಕೆ ಆಧಾರವೆಂದರೆ ಮೊದಲು ಕೊಂಡಾಗಿನ ಮೂಲ ಇನ್‌ವಾಯ್ಸ್, ಆಮೇಲೆ ಕೈ ಬದಲಾದಾಗಲೆಲ್ಲ ಆದ ಮಾರಾಟದ ಪತ್ರಗಳು. ಒಂದೇ ಕಂಪನಿಯ ಹಲವು ಮಷಿನ್‌ಗೆ ಒಂದೇ ಕೀಲಿ ಹಿಡಿಸುತ್ತದೆ, ನಿಮಗೆ ಗೊತ್ತೇ ಇದೆ. ಕೀಲಿ ಕೈಗೆ ಕೊಟ್ಟ ಮಾತ್ರಕ್ಕೆ ಅವನೇ ಓನರ್ ಅಲ್ಲ. ಇನ್‌ವಾಯ್ಸಿನಲ್ಲಿರುವ ಮಷಿನ್ ನಂಬರ್, ಇಂಜಿನ್ ನಂಬರ್ ಎರಡನ್ನೂ ಪ್ಲೇಟಿನ ಮೇಲಿರುವುದರ ಜೊತೆ, ಫ್ರೇಮಿನ, ಇಂಜಿನ್ನಿನ ಮೇಲೆ ಗುದ್ದಿರುವುದರ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಪ್ಲೇಟಿನ ರಿವೆಟ್ ಹೊಸದಾಗಿದ್ದರೆ ಕೇಳಿ. ಮಷಿನ್ನಿನ ಮೇಲೆ ಸಾಲವಿದ್ದಿದ್ದರೆ ಎನ್‌ಒಸಿಯ ಜೆರಾಕ್ಸ್ ನಂಬಬೇಡಿ, ಆ ಫೈನಾನ್ಸಿನ ಶಾಖೆಗೆ ನೀವೇ ಹೋಗಿ ಸಾಲ ತೀರಿದೆಯೇ ಎಂದು ಬಾಯಿಂದ ಕೇಳಿ ಬರಹದಲ್ಲಿ ಪಡೆಯಿರಿ. ಕಂತು ಬಾಕಿ ಇರುವ ಮಷಿನ್ನನ್ನು ಫೈನಾನ್ಸಿನವರು ಕೊಂಡವರ ಸೈಟಿಗೇ ಬಂದು ಎತ್ತಿಕೊಂಡು ಹೋಗಿರುವುದು ನಮ್ಮ ಊರಿನಲ್ಲೇ ಆಗಿದೆ. ಇನ್ಶೂರೆನ್ಸ್ ಪಾಲಿಸಿ ಇದ್ದರೆ ಕ್ಲೇಮ್ ಆಗಿತ್ತೇ ಎಂದೂ ಕೇಳಿ, ಮಗುಚಿ ಬಿದ್ದ ಮಷಿನ್ನಿನ ಕತೆ ಅಲ್ಲಿ ಸಿಗುತ್ತದೆ.

ಅಡ್ವಾನ್ಸ್ ಇದೆಲ್ಲ ಆದ ಮೇಲೆ. ‘ಟೋಕನ್ ಕೊಟ್ಟು ಹೋಗಿ, ಆಮೇಲೆ ನೋಡಿಕೊಳ್ಳಿ’ ಎಂದರೆ ಕೊಡಬೇಡಿ. ದುಡ್ಡು ಒಮ್ಮೆ ಆ ಕಡೆ ಹೋದರೆ ನಿಮ್ಮ ಕಣ್ಣು ದೋಷ ಹುಡುಕುವುದನ್ನು ಬಿಟ್ಟು ಸಮಾಧಾನ ಹುಡುಕಲು ಶುರು ಮಾಡುತ್ತದೆ. ಇನ್ನೊಂದು ಪಾರ್ಟಿ ಬರುತ್ತಿದ್ದರೆ ಬರಲಿ. ಹಳೇ ಮಷಿನ್‌ಗಳು ಈ ರಾಜ್ಯದಲ್ಲಿ ಇನ್ನೂ ಬೇಕಾದಷ್ಟು ಸಿಗುತ್ತವೆ, ಅಮ್ಮನ ಹೊಲ ಇನ್ನೊಂದು ಸಿಗುವುದಿಲ್ಲ. ಕಂಡ ದೋಷಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಒಂದೊಂದಕ್ಕೂ ಪಾರ್ಟು, ಕೂಲಿ ಎಷ್ಟಾಗುತ್ತದೆಂದು ಮೆಕ್ಯಾನಿಕ್ಕನ್ನು ಕೇಳಿ ಎದುರಿಗೆ ಬರೆಯಿರಿ. ಆ ಹಾಳೆ ಹಿಡಿದು ಬೆಲೆ ಮಾತಾಡಿ. ದೋಷವಿಲ್ಲದ ಹಳೇ ಮಷಿನ್ ನಾನು ಇಷ್ಟು ವರ್ಷದಲ್ಲಿ ಒಂದೂ ಕಂಡಿಲ್ಲ. ಲೆಕ್ಕಕ್ಕೆ ಬಂದ ದೋಷವನ್ನು ಹೊತ್ತು ದುಡಿಯಬಹುದು.

ಕೊಪ್ಪಳದ ಹುಡುಗನ ಪಂಪನ್ನು ಬಿಚ್ಚಿ, ಸವೆದದ್ದನ್ನು ಬದಲಿಸಿ ಕೂರಿಸಿಕೊಟ್ಟೆವು. ಕೂಲಿಯನ್ನು ಕಂತಿನಲ್ಲಿ ಕೊಡುತ್ತಿದ್ದಾನೆ. ಈಗ ಅವನ ಊರಿನ ಇನ್ನಿಬ್ಬರು ಆಪರೇಟರ್‌ಗಳು ಮಷಿನ್ ಹುಡುಕುತ್ತಿದ್ದಾರೆ. ಅವರ ಜೊತೆ ಟೇಪು, ಹ್ಯಾಕ್ಸಾ ಬ್ಲೇಡು, ಹೊಸ ಫಿಲ್ಟರು ಹಿಡಿದು ಅವನೇ ಹೋಗುತ್ತಾನೆ.

ಕೊನೆಗೆ ಒಂದು. ವ್ಯಾಪಾರ ಮುಗಿದ ದಿನಕ್ಕೂ ಟ್ರೇಲರ್ ಬರುವ ದಿನಕ್ಕೂ ನಡುವೆ ಮಷಿನ್ನನ್ನು ಯಾರ್ಡಿನಲ್ಲಿ ಬಿಟ್ಟು ಬರಬೇಡಿ. ಬಿಡಲೇಬೇಕಾಗಿ ಬಂದರೆ ಬಕೆಟ್, ಬ್ಯಾಟರಿ, ಸೆಲ್ಫ್ ಮೋಟರ್, ಮಾನಿಟರ್ ಎಲ್ಲದರ ಫೋಟೋ ನಂಬರ್ ಸಮೇತ ತೆಗೆದಿಟ್ಟುಕೊಳ್ಳಿ, ಪಂಪಿನ ಮೇಲೆ ನಿಮ್ಮದೇ ಬಣ್ಣದ ಒಂದು ಚುಕ್ಕೆ ಇಡಿ. ಟ್ರೇಲರ್ ಬಂದಾಗ ಆ ಚುಕ್ಕೆ ನೋಡಿ, ನಂಬರ್ ಮತ್ತೊಮ್ಮೆ ತಾಳೆ ನೋಡಿ, ನೀವೇ ಸೀಟಿಗೆ ಹತ್ತಿ ಮಷಿನ್ನನ್ನು ಟ್ರೇಲರಿನ ಮೇಲೆ ಏರಿಸಿ.

ನಿಮ್ಮ ಅಣ್ಣ,
ಒಬ್ಬ ಹೈಡ್ರಾಲಿಕ್ ಮೆಕ್ಯಾನಿಕ್
ಹೊಸಪೇಟೆ